ಎರಡು ಬೆರಳಗಲ ಬಿಳಿ

ಮೂರನೆಯ ಗಂಟು ಬಿಡಿಸುವ ಹೊತ್ತಿಗೆ ಚಹಾ ಆರಿಹೋಗಿತ್ತು. ಅತ್ತೆ ಅಡುಗೆಮನೆಯ ಗಿಡ್ಡ ಸ್ಟೂಲಿನ ಮೇಲೆ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಸೊಸೆ ಅವರ ಬೆನ್ನ ಹಿಂದೆ ನೆಲಕ್ಕೆ ಮಂಡಿಯೂರಿ, ಕೂದಲಿನ ತುದಿಯನ್ನು ಎಡಗೈಯಲ್ಲಿ ಬಿಗಿಹಿಡಿದು, ಅಗಲ ಹಲ್ಲಿನ ಬಾಚಣಿಗೆಯನ್ನು ಗೇಣುಗೇಣಾಗಿ ಮೇಲಕ್ಕೆ ತರುತ್ತಿದ್ದಳು. ನೆತ್ತಿಯಿಂದ ಎಳೆದರೆ ಕಿತ್ತು ಬರುತ್ತದೆ. ತುದಿಯಿಂದಲೇ ಶುರು ಮಾಡಬೇಕು. ಮಂಡಿ ಮುಟ್ಟುವ ಕೂದಲನ್ನು ಹೀಗೆ ಬಾಚಿ ಜಡೆ ಹೆಣೆಯಲು ದಿನಕ್ಕೆ ನಲವತ್ತು ನಿಮಿಷ ಬೇಕಾಗುತ್ತಿತ್ತು.

ಅತ್ತೆಯ ಬಲಗೈ ಭುಜಕ್ಕಿಂತ ಮೇಲೆ ಏಳದೆ ಎರಡು ವರ್ಷವಾಗಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಒದ್ದೆ ಚಾದರಗಳನ್ನು ಎತ್ತಿ ಹಾಕಿದ ಕೈ ಅದು. ಲಿಫ್ಟ್ ರಿಪೇರಿ ಮಾಡುತ್ತಿದ್ದ ಮಗ ಇದ್ದಾಗ, “ಅಮ್ಮನ ಕೈಗೆ ಒಂದು ಮೋಟರ್ ಕೂರಿಸ್ತೀನಿ ತಡೀರಿ” ಎಂದು ತಮಾಷೆ ಮಾಡುತ್ತಿದ್ದ. ಹದಿನಾಲ್ಕು ತಿಂಗಳ ಹಿಂದೆ, ಕೆಲಸದ ಜಾಗದಲ್ಲಿ, ಊಟದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಅವನ ಎದೆ ನಿಂತಿತು. ಆಮೇಲೆ ಆ ಮನೆಯಲ್ಲಿ ಯಾರೂ ಜೋರಾಗಿ ಅತ್ತದ್ದಿಲ್ಲ. ಕೆಲಸಗಳು ಮಾತ್ರ ಒಂದರ ಹಿಂದೊಂದು ನಡೆಯುತ್ತಿದ್ದವು.

“ಅತ್ತೆ, ಒಂದು ಮಾತು ಕೇಳ್ಲಾ?”

“ತಲೆ ಬಾಚೋವಾಗ ಕೇಳೋದೆಲ್ಲ ಫಜೀತಿ ಮಾತೇ. ಎದ್ದು ಹೋಗೋ ಹಾಗಿಲ್ಲ ಅಂತ ನಿನಗೆ ಗೊತ್ತಲ್ಲ.”

“ಈ ಭಾನುವಾರ ಕಪ್ಪು ಹಚ್ಚೋದು ಬೇಡ. ಮುಂದಿನ ತಿಂಗಳೂ ಬೇಡ. ಎರಡು ಬೆರಳಗಲ ಬಿಳಿ ಬರ್ಲಿ.”

ಅತ್ತೆ ಆರಿದ ಚಹಾವನ್ನೇ ಒಂದು ಗುಟುಕು ಕುಡಿದರು.

“ನಿಮ್ಮ ಮೇಡಂ ಕಾಗದಕ್ಕಾ?”

“ಹೂಂ.”

“ಕತ್ತರಿಸೋದೂ ಇದೆಯಾ?”

“ಸೊಂಟದವರೆಗೆ ಇರುತ್ತೆ. ಉದ್ದ ಕೂದಲೇ ಅದು. ಬರೀ ಭಾರ ತೆಗೀತೀನಿ.”

“ಭಾರ ನನಗೇನೂ ಆಗಿಲ್ಲ,” ಎಂದರು ಅತ್ತೆ. ಲೋಟ ಕೆಳಗಿಟ್ಟು, “ನೋಡೋಣ” ಎಂದರು. ಆ ಮನೆಯಲ್ಲಿ ‘ನೋಡೋಣ’ ಎಂದರೆ ಒಪ್ಪಿಗೆಯೂ ಅಲ್ಲ, ಇಲ್ಲವೆಂದೂ ಅಲ್ಲ. ಸೊಸೆ ಜಡೆ ಹೆಣೆದು, ತುದಿಗೆ ರಬ್ಬರು ಹಾಕಿ, ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಉಂಡೆ ಮಾಡಿ ಕಸದ ಬುಟ್ಟಿಗೆ ಎಸೆದು, ಮುಂದಿನ ಕೋಣೆಯ ಬಾಗಿಲು ತೆರೆಯಲು ಹೋದಳು.

ಮುಂದಿನ ಕೋಣೆಯೇ ಅವಳ ಪಾರ್ಲರು. ಎರಡು ಕುರ್ಚಿ, ಒಂದು ಉದ್ದ ಕನ್ನಡಿ, ತಲೆ ತೊಳೆಯುವ ತೊಟ್ಟಿ. ಗಂಡನೇ ಕೊಳಾಯಿ ಎಳೆದುಕೊಟ್ಟಿದ್ದ. ಒಂದು ಕಾಲದಲ್ಲಿ ಕಾಲೇಜು ಹುಡುಗಿಯರು ಕಾಯುತ್ತ ಕೂರುತ್ತಿದ್ದ ಜಾಗ. ಮುಖ್ಯ ರಸ್ತೆಯಲ್ಲಿ ಗಾಜಿನ ಬಾಗಿಲಿನ ಹೊಸ ಅಂಗಡಿ ಬಂದ ಮೇಲೆ ಅವರೆಲ್ಲ ಅತ್ತ ಹೋದರು. ಉಳಿದವರು ಬೀದಿಯ ಹೆಂಗಸರು. ತುದಿ ಕತ್ತರಿಸಿಕೊಳ್ಳಲು, ಪ್ಯಾಕೆಟ್ಟಿನ ಕಪ್ಪು ಬಳಿಸಿಕೊಳ್ಳಲು ಬರುತ್ತಿದ್ದರು. ಕೂತವರು ಸುಮ್ಮನಿರುತ್ತಿರಲಿಲ್ಲ. ಕತ್ತು ಬಗ್ಗಿಸಿಕೊಂಡೇ, “ಧೈರ್ಯ ತಗೋಬೇಕಮ್ಮ, ಇನ್ನೂ ವಯಸ್ಸಿದೆ” ಎನ್ನುತ್ತಿದ್ದರು. ಅವಳ ಕೈಯಲ್ಲಿ ಕತ್ತರಿ ಇರುತ್ತಿತ್ತು. ಹೂಂ ಎನ್ನದೆ ಬೇರೆ ದಾರಿಯಿರಲಿಲ್ಲ.

ಮೇಡಂ ಅಂದರೆ ಅವಳಿಗೆ ಇಪ್ಪತ್ತು ವರ್ಷದ ಹಿಂದೆ ಕೆಲಸ ಕಲಿಸಿದವರು. ದೂರದ ಊರಿನಲ್ಲಿ ಅವರದು ಆರು ಕುರ್ಚಿಯ ಅಂಗಡಿ. ಬಣ್ಣದ ವಿಭಾಗ ನೋಡಿಕೊಳ್ಳುವವರು ಬೇಕು, ಮೇಲಿನ ಮನೆಯೂ ಖಾಲಿಯಿದೆ, ಬರುತ್ತೀಯಾ ಎಂದು ಮೂರು ವಾರದ ಹಿಂದೆ ಬರೆದಿದ್ದರು. ಒಂದು ಷರತ್ತು ಇಟ್ಟಿದ್ದರು: ‘ಕಪ್ಪು ಬಳಿಯುವ ಕೈ ನನಗೆ ಬೇಡ, ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಉದ್ದ ಕೂದಲನ್ನು ಉದ್ದವಾಗಿಯೇ ಉಳಿಸಿ, ಪದರ ಕೊಟ್ಟು, ನರೆಗೂ ಹಳೆಯ ಬಣ್ಣಕ್ಕೂ ನಡುವೆ ಗೆರೆ ಕಾಣದಂತೆ ಬೆರೆಸಬೇಕು. ಅಂಥ ಒಂದು ತಲೆ ಮಾಡಿ, ಹಗಲು ಬೆಳಕಿನಲ್ಲಿ ಮೂರು ಕಡೆಯಿಂದ ಫೋಟೋ ತೆಗೆಸಿ, ಅಚ್ಚು ಹಾಕಿಸಿ, ನಿನ್ನ ಒಪ್ಪಿಗೆಯ ಜೊತೆ ಅಂಚೆಯಲ್ಲಿ ಕಳಿಸು. ಫೋನಿನ ಪರದೆಯ ಬಣ್ಣ ನಾನು ನಂಬುವುದಿಲ್ಲ. ಮೂರು ತಿಂಗಳು ಕಾಯುತ್ತೇನೆ.’

ಬೀದಿಯಲ್ಲಿ ಉದ್ದ ಕೂದಲಿನವರೇ ಕಡಿಮೆ. ಇದ್ದವರಿಗೆ ನರೆಯಿಲ್ಲ, ನರೆಯಿದ್ದವರು ಕಪ್ಪು ಬಿಡುವುದಿಲ್ಲ. ಅವಳಿಗೆ ಬೇಕಾದಂಥ ತಲೆ ಒಂದೇ ಒಂದು ಇತ್ತು. ದಿನಾ ಬೆಳಿಗ್ಗೆ ಅದು ಅವಳ ಕೈಯಲ್ಲೇ ಇರುತ್ತಿತ್ತು.

ಆ ಸಂಜೆ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಅನ್ನ. ಅಡುಗೆ ಮಾವನದು. ಬಣ್ಣದ ಅಂಗಡಿಯಲ್ಲಿ ಗೋಡೆ ಬಣ್ಣ ಬೆರೆಸಿಕೊಡುತ್ತ ಆಯುಷ್ಯ ಕಳೆದವರು ಅವರು. ನಿವೃತ್ತರಾದ ಮೇಲೆ ಒಲೆ ಹಿಡಿದಿದ್ದರು. ಇಂದಿಗೂ ಐದು ಜನಕ್ಕೆ ಅಕ್ಕಿ ಹಾಕುತ್ತಿದ್ದರು. ಯಾರೂ ತಿದ್ದುತ್ತಿರಲಿಲ್ಲ, ಉಳಿದದ್ದನ್ನು ಬೆಳಿಗ್ಗೆ ಒಬ್ಬರು ತಿನ್ನುತ್ತಿದ್ದರು.

“ಅಜ್ಜಿ ತಲೆ ಕೊಟ್ರೆ ಅಮ್ಮ ಹೋಗ್ತಾಳೆ, ಕೊಡದಿದ್ರೆ ಇಲ್ಲೇ ಇರ್ತಾಳೆ. ಅಷ್ಟೇ ತಾನೆ?” ಎಂದಳು ಮೊಮ್ಮಗಳು. ಹದಿನೈದು ವರ್ಷ. ಬಾಯಿ ಸುಮ್ಮನಿರದ್ದಕ್ಕೆ ಚೂಟಿ ಎಂದೇ ಎಲ್ಲರೂ ಕರೆಯುತ್ತಿದ್ದರು.

“ಮೊದಲು ಊಟ ಮಾಡು,” ಎಂದಳು ತಾಯಿ.

“ನಾನೂ ಹೋಗ್ಬೇಕು ತಾನೆ? ನನ್ನ ಯಾರಾದ್ರೂ ಕೇಳಿದ್ರಾ?”

“ನಿನ್ನ ಪರೀಕ್ಷೆ ಮುಗಿಯೋವರೆಗೆ ನೀನು ಇಲ್ಲೇ. ಆಮೇಲೆ ಬರ್ತೀಯ.”

“ಅಂದ್ರೆ ಹೋಗೋದು ಆಗ್ಲೇ ಪಕ್ಕಾ!”

“ಯಾವುದೂ ಪಕ್ಕಾ ಇಲ್ಲ.”

ಮಾವ ಮೊಟ್ಟೆಯ ಸಿಪ್ಪೆ ಬಿಡಿಸುತ್ತ, “ಬೆರೆಸೋದು ಅಂದ್ರೆ ಯಾವ ಬಣ್ಣ ಹಾಕ್ತೀಯಮ್ಮ?” ಎಂದು ಕೇಳಿದರು.

“ಬೂದಿ ಮಿಶ್ರ ಕಂದು, ಮಾವ. ತುಂಬ ತೆಳು ಎಳೆ ತಗೊಂಡು.”

“ಬೂದಿಗೆ ನೀಲಿ ಜಾಸ್ತಿ ಬಿದ್ರೆ ಹಸಿರು ಹೊಡೆಯುತ್ತೆ, ಹುಷಾರು.”

“ಏನ್ರೀ ನೀವು,” ಎಂದರು ಅತ್ತೆ. “ನನ್ನ ತಲೆ ಏನು ಕಾಂಪೌಂಡ್ ಗೋಡೆನಾ?”

ಚೂಟಿ ನಕ್ಕಳು. ಬೇರೆ ಯಾರೂ ನಗಲಿಲ್ಲ, ಆದರೆ ಮಾವ ಇನ್ನೊಂದು ಮೊಟ್ಟೆ ಬಿಡಿಸಿ ಅತ್ತೆಯ ತಟ್ಟೆಗೆ ಹಾಕಿದರು.

ಆ ಭಾನುವಾರ ಕಪ್ಪು ಕಲಸಲಿಲ್ಲ. ಅದರ ಮುಂದಿನ ತಿಂಗಳೂ ಕಲಸಲಿಲ್ಲ. ಅತ್ತೆಯ ಬೈತಲೆಯ ಎರಡೂ ಬದಿ ಬಿಳಿ ಎದ್ದು ಬಂತು. ಮೊದಲು ದಾರದಷ್ಟು, ಆಮೇಲೆ ಒಂದು ಬೆರಳು. ಬೆಳಿಗ್ಗೆ ಬಾಚುವಾಗ ಸೊಸೆ ಅದರ ಮೇಲೆ ತನ್ನ ತೋರುಬೆರಳನ್ನು ಅಡ್ಡ ಇಟ್ಟು ನೋಡುತ್ತಿದ್ದಳು. ಅಳೆಯುತ್ತಿದ್ದಾಳೆ ಎಂದು ಅತ್ತೆಗೆ ಗೊತ್ತಾಗುತ್ತಿತ್ತು. ಇಬ್ಬರೂ ಮಾತಾಡುತ್ತಿರಲಿಲ್ಲ.

ಬೀದಿಯವರು ಮಾತಾಡಿದರು. ಎದುರು ಮನೆಯ ಹೊಲಿಗೆಯವಳು ಪಾರ್ಲರಿನ ಕುರ್ಚಿಯಲ್ಲಿ ಕೂತು, ಒಳಗೆ ಕೇಳುವ ಹಾಗೆ, “ಏನಮ್ಮಾ, ಊರಿಗೆಲ್ಲ ಬಣ್ಣ ಹಚ್ತೀಯ, ಮನೆ ತಲೆ ಮಾತ್ರ ಸುಣ್ಣ?” ಎಂದಳು.

“ಬೆಳೀಲಿ ಅಂತ ಬಿಟ್ಟಿದೀವಿ,” ಎಂದಳು ಸೊಸೆ.

“ದುಃಖ ಇರೋರು ಬಿಟ್ಬಿಡ್ತಾರೆ ಪಾಪ. ನನಗೆ ಅರ್ಥ ಆಗುತ್ತೆ.”

ಸೊಸೆ ಅವಳ ತುದಿಕೂದಲನ್ನು ಹೇಳಿದ್ದಕ್ಕಿಂತ ಅರ್ಧ ಇಂಚು ಹೆಚ್ಚೇ ಕತ್ತರಿಸಿದಳು. ಬೇಕಂತಲ್ಲ; ಕೈ ಹಾಗೆ ಹೋಯಿತು.

ಒಳಗೆ ಬಟ್ಟೆ ಮಡಚುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಮಡಚಿದ ಟವೆಲುಗಳನ್ನು ಪಾರ್ಲರಿಗೆ ತಂದಿಟ್ಟು, ಹೊಲಿಗೆಯವಳಿಗೆ, “ಹೋದ ವಾರ ಕೊಟ್ಟ ರವಿಕೆ ತೋಳು ಒಂದು ಉದ್ದ ಒಂದು ಗಿಡ್ಡ ಮಾಡಿದೀಯಲ್ಲ, ಅದೂ ದುಃಖಕ್ಕೇನಾ?” ಎಂದು ಕೇಳಿ ಒಳಗೆ ಹೋದರು.

ಏಳನೆಯ ವಾರದಲ್ಲಿ ಅತ್ತೆ ಪಿಂಚಣಿ ಕಚೇರಿಗೆ ಹೋಗಬೇಕಿತ್ತು. ವರ್ಷಕ್ಕೊಮ್ಮೆ ಹೋಗಿ, ತಾನಿನ್ನೂ ಬದುಕಿದ್ದೇನೆ ಎಂದು ಕಿಟಕಿಯ ಮುಂದೆ ಮುಖ ತೋರಿಸಿ ಸಹಿ ಹಾಕಬೇಕು. ಕಾರ್ಡಿನಲ್ಲಿ ಇದ್ದದ್ದು ಕಪ್ಪು ಕೂದಲಿನ ಫೋಟೋ. ಹಿಂದಿನ ರಾತ್ರಿಯ ಅನ್ನವನ್ನು ಬಿಸಿ ಮಾಡಿ ತಿಂದು, ಮಾವನ ಜೊತೆ ಬಸ್ಸು ಹತ್ತಿ ಹೋಗಿ ಬಂದರು. ಸಂಜೆ ತಲೆಗೆ ಬಟ್ಟೆ ಕಟ್ಟಿಕೊಂಡೇ ಇದ್ದರು. ತಲೆನೋವು ಎಂದರು.

ಮರುದಿನ ಬೆಳಿಗ್ಗೆ ಸೊಸೆ ಬಟ್ಟೆ ಬಿಚ್ಚಿದಳು. ಬೈತಲೆ ಪೂರ್ತಿ ಕಪ್ಪಗಿತ್ತು. ಹಣೆಯ ಅಂಚಿನಲ್ಲಿ ಚರ್ಮಕ್ಕೂ ಕಪ್ಪು ಹತ್ತಿತ್ತು. ಅವಳು ಕೂದಲನ್ನು ಮೇಲೆತ್ತಿ ಹಿಂದೆ ನೋಡಿದಳು. ಕತ್ತಿನ ಮೇಲೆ, ತಲೆಯ ಹಿಂಭಾಗದಲ್ಲಿ ಬಿಳಿ ಹಾಗೇ ಇತ್ತು. ಎಡಗೈಯೊಂದಕ್ಕೇ ಅಷ್ಟು ಹಿಂದಕ್ಕೆ ಎಟುಕಿರಲಿಲ್ಲ.

“ಯಾವುದರಲ್ಲಿ ಹಚ್ಚಿದ್ರಿ?”

“ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ.”

“ಯಾವ ಪುಡಿ?”

“ಅಂಗಡಿ ಪುಡಿ. ಹತ್ತು ರೂಪಾಯಿದು.”

“ಯಾವಾಗ?”

“ಕಚೇರಿಗೆ ಹೋಗೋ ಮೊದಲು. ಹೋದ ವರ್ಷ ಆ ಕಿಟಕಿಯವನು ಇದು ನೀವೇನಾ ಅಂತ ಎರಡು ಸಲ ಕೇಳಿದ್ದ. ಫೋಟೋ ಥರ ಇಲ್ದೆ ಹೋದ್ರೆ ಪಿಂಚಣಿ ನಿಲ್ಲಿಸಿದ್ರೆ?”

ಸೊಸೆ ಹಣೆಯ ಹತ್ತಿರದ ಒಂದು ಸಣ್ಣ ಎಳೆ ಕತ್ತರಿಸಿಕೊಂಡು ಪಾರ್ಲರಿಗೆ ಹೋದಳು. ಬಟ್ಟಲಿನಲ್ಲಿ ಬಣ್ಣ ತೆಗೆಯುವ ಪುಡಿ ಕಲಸಿ, ಎಳೆಯನ್ನು ಅದರಲ್ಲಿ ಅದ್ದಿ, ಇಪ್ಪತ್ತು ನಿಮಿಷ ಕಾದು ತೊಳೆದಳು. ಅದು ತುಕ್ಕು ಹಿಡಿದ ತಂತಿಯ ಬಣ್ಣಕ್ಕೆ ತಿರುಗಿತ್ತು. ಅದನ್ನು ಅಂಗೈಯ ಮೇಲಿಟ್ಟುಕೊಂಡು ಅಡುಗೆಮನೆಗೆ ಬಂದಳು.

“ಇದನ್ನ ಮೇಡಂಗೆ ಕಳಿಸ್ಲಾ?”

ಅತ್ತೆ ನೋಡಲಿಲ್ಲ.

“ಏಳು ವಾರ ಕಾದೆ ನಾನು. ಕಚೇರಿಗೆ ಬಟ್ಟೆ ಕಟ್ಟಿಕೊಂಡು ಹೋಗ್ಬಹುದಿತ್ತು. ನನ್ನನ್ನ ಒಂದು ಮಾತು ಕೇಳ್ಬಹುದಿತ್ತು. ಬೇಕಂತಲೇ ಮಾಡಿದ್ರಿ.”

“ಬೇಕಂತ ಮಾಡಿದ್ನೋ ಏನೋ ನನಗೇ ಗೊತ್ತಿಲ್ಲ ಕಣೇ.”

“ಗೊತ್ತಿಲ್ಲ ಅಂದ್ರೆ?”

“ಬ್ರಷ್ಷು ತಗೊಂಡೆ, ಕಿಟಕಿಯವನ ನೆನಪಾಗೇ ತಗೊಂಡೆ. ಹಚ್ತಾ ಹಚ್ತಾ ಬೇರೇನೂ ನೆನಪಾಗ್ಲಿಲ್ಲ. ಮುಗಿದ ಮೇಲೆ ನಿನ್ನ ನೆನಪಾಯ್ತು.”

“ನಾನು ಇಲ್ಲಿದ್ದು ಏನು ಮಾಡ್ಲಿ ಹೇಳಿ ಅತ್ತೆ. ಬಂದವರೆಲ್ಲ ತಲೆ ಕೊಟ್ಟು ಕೂತು ಸಮಾಧಾನ ಹೇಳ್ತಾರೆ. ಕೊಳಾಯಿ ತಿರುಗಿಸಿದ್ರೆ ನಮ್ಮೋರು ಎಳೆದದ್ದು, ದೀಪ ಹಾಕಿದ್ರೆ ಅವರು ಕೂರಿಸಿದ್ದು. ನನಗೆ ಅಳು ಬಂದ್ರೂ ಆಗ್ತಿತ್ತು, ಅದೂ ಇಲ್ಲ. ನನ್ನ ಯಾರಿಗೂ ಗೊತ್ತಿಲ್ಲದ ಕಡೆ ನಿಂತು ಕೆಲಸ ಮಾಡ್ಬೇಕು, ಅಷ್ಟೇ.”

“ಅವನು ನನ್ನ ಮಗ.”

“ಇಲ್ಲ ಅಂದ್ನಾ ನಾನು?”

ಒಲೆಯ ಮೇಲೆ ಹಾಲು ಉಕ್ಕಿತು. ಮಾವ ಬಂದು ಆರಿಸಿದರು. ಸೊಸೆ ಬಾಚಣಿಗೆಯನ್ನು ಮೇಜಿನ ಮೇಲಿಟ್ಟು, “ಇನ್ನು ನನ್ನ ಕೈಲಿ ಬಾಚೋಕಾಗಲ್ಲ” ಎಂದು ಹೊರಗೆ ಹೋದಳು.

ಮರುದಿನ ಬಾಚಲು ಮಾವ ನಿಂತರು. ಗೋಡೆಗೆ ಬಣ್ಣ ಎಳೆಯುವ ಹಾಗೆ ಮೇಲಿನಿಂದ ಕೆಳಕ್ಕೆ ಒಂದೇ ಸಮ ಎಳೆದರು.

“ಅಯ್ಯೋ! ತಲೆ ಅದು, ಬಾಗಿಲಲ್ಲ.”

“ಅಲುಗಾಡಬೇಡವೇ. ಒಂದು ಕೋಟ್ ಮುಗೀಲಿ.”

“ನಿಮ್ಮ ಕೋಟಿಗಿಷ್ಟು ಬೆಂಕಿ ಹಾಕ! ಕೊಡಿ ಇಲ್ಲಿ.”

ಅದರ ಮರುದಿನ ಚೂಟಿ ನಿಂತಳು. ಸ್ಕೂಲಿಗೆ ಹೊತ್ತಾಗಿತ್ತು. ಅರ್ಧ ಬಾಚಿ, ಅರ್ಧವನ್ನು ಹಾಗೇ ಸುತ್ತಿ ಮುಡಿ ಕಟ್ಟಿ, ನಾಲ್ಕು ಪೆನ್ಸಿಲು ಸಿಕ್ಕಿಸಿ ಓಡಿದಳು. ಮಧ್ಯಾಹ್ನ ಅತ್ತೆ ಬಟ್ಟೆ ಒಣಗಹಾಕುವಾಗ ಮುಡಿ ಬಿಚ್ಚಿ ಬಿದ್ದು ಕ್ಲಿಪ್ಪಿಗೆ ಸಿಕ್ಕಿಕೊಂಡಿತು. ಎಡಗೈಯೊಂದರಲ್ಲೇ ಬಿಡಿಸಲು ಹೋದಷ್ಟೂ ಗಂಟಾಯಿತು. ಹತ್ತು ನಿಮಿಷ ಹಗ್ಗದ ಕೆಳಗೆ ಹಾಗೇ ನಿಂತಿದ್ದರು. ಸೊಸೆಯನ್ನು ಕೂಗಲಿಲ್ಲ. ಕೊನೆಗೆ ಕ್ಲಿಪ್ಪನ್ನೇ ಹಗ್ಗದಿಂದ ಕಿತ್ತುಕೊಂಡು, ಅದು ತಲೆಯಲ್ಲಿ ನೇತಾಡುತ್ತಿದ್ದಂತೆಯೇ ಉಳಿದ ಬಟ್ಟೆ ಒಣಗಹಾಕಿದರು.

ಮೂರನೆಯ ದಿನ ಪಾರ್ಲರಿನಲ್ಲಿ ಇಬ್ಬರು ಗಿರಾಕಿಗಳಿದ್ದರು. ಅತ್ತೆ ಅಡುಗೆಮನೆಯ ಬಾಗಿಲಿನಿಂದ ಬರಲಿಲ್ಲ. ಹಿತ್ತಿಲಿಂದ ಸುತ್ತಿ ಬೀದಿಗೆ ಬಂದು, ಚಪ್ಪಲಿ ಬಿಟ್ಟು, ಗಿರಾಕಿಗಳು ಬರುವ ಬಾಗಿಲಿನಿಂದ ಒಳಗೆ ಬಂದು ಬೆಂಚಿನ ತುದಿಗೆ ಕೂತರು.

“ನನ್ನ ಸರದಿ ಯಾವಾಗ?” ಎಂದು ಕೇಳಿದರು.

ಕುರ್ಚಿಯಲ್ಲಿದ್ದ, ಅದೇ ಬೀದಿಯ ಟೀಚರು ಕನ್ನಡಿಯಲ್ಲೇ ಕಣ್ಣರಳಿಸಿದರು. ಸೊಸೆ ಕೈಯಲ್ಲಿದ್ದ ಕೆಲಸ ನಿಲ್ಲಿಸದೆ, “ಇವರಾದ ಮೇಲೆ ಅವರು. ಆಮೇಲೆ ನೀವು” ಎಂದಳು.

“ಆಗ್ಲಿ. ಕೂತಿರ್ತೀನಿ.”

ಒಂದು ಗಂಟೆ ಕೂತಿದ್ದರು. ಹಳೆಯ ಪತ್ರಿಕೆಯೊಂದನ್ನು ತಿರುವಿ ಹಾಕಿದರು. ಸರದಿ ಬಂದಾಗ ಎದ್ದು ಕುರ್ಚಿಯಲ್ಲಿ ಕೂತರು. ಆ ಕುರ್ಚಿ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಅವರು ಅದನ್ನು ಒರೆಸಿದ್ದರೇ ಹೊರತು ಅದರಲ್ಲಿ ಕೂತಿರಲಿಲ್ಲ. ಇಷ್ಟು ದೊಡ್ಡ ಕನ್ನಡಿಯಲ್ಲಿ ಇಬ್ಬರ ಮುಖವೂ ಒಟ್ಟಿಗೆ ಕಂಡದ್ದೂ ಅದೇ ಮೊದಲು. ಬೆಳಿಗ್ಗೆ ಬಾಚುವಾಗ ಒಬ್ಬರ ಮುಖ ಕಿಟಕಿಗಿರುತ್ತಿತ್ತು, ಇನ್ನೊಬ್ಬರದು ಬೆನ್ನಿಗೆ.

“ಸರಿಮಾಡೋಕಾಗುತ್ತಾ?”

“ಗೊತ್ತಿಲ್ಲ. ಹಿಂದೆ ಬಿಳಿ, ಮುಂದೆ ಹೊಸ ಕಪ್ಪು, ಉದ್ದಕ್ಕೆ ಹಳೇ ಕಪ್ಪು. ಮೂರು ಥರ ಆಗಿದೆ.”

“ಅಂದ್ರೆ ಕಷ್ಟ.”

“ಕಷ್ಟವೇ.”

“ಆಯ್ತು. ಮೊದಲು ಕತ್ತರಿಸು. ಎಷ್ಟು ಅಂತ ಕೇಳಬೇಡ.”

ಸೊಸೆ ಬಾಗಿಲಿಗೆ ‘ಇಂದು ರಜೆ’ ಹಲಗೆ ನೇತುಹಾಕಿದಳು. ಕೂದಲನ್ನು ನೆನೆಸಿ, ಮೊದಲು ಗಂಟುಗಳನ್ನು ಬಿಡಿಸಿದಳು. ಅದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಸೊಂಟದ ಮಟ್ಟಕ್ಕೆ ಹಿಡಿದು ಕತ್ತರಿ ಹಾಕಿದಳು. ದಪ್ಪ ಕೂದಲು ಒಂದೇ ಏಟಿಗೆ ತುಂಡಾಗುವುದಿಲ್ಲ. ಕರಕರ ಎಂದು ನಾಲ್ಕು ಸಲ ಕಚ್ಚಿತು. ತುಂಡು ನೆಲಕ್ಕೆ ಬಿತ್ತು. ಅತ್ತೆ ಅದರ ಕಡೆ ನೋಡಿದರು, ಮುಖದಲ್ಲಿ ಏನೂ ಕಾಣಲಿಲ್ಲ.

“ಅಳು ಬರುತ್ತೆ ಅಂದ್ಕೊಂಡಿದ್ದೆ,” ಎಂದರು.

“ಬರಲ್ವಾ?”

“ಇಲ್ಲ. ಕತ್ತು ಹಗುರ ಆಯ್ತು, ಅಷ್ಟೇ.”

ತಲೆಯನ್ನು ಭಾಗ ಭಾಗ ಮಾಡಿ ಕ್ಲಿಪ್ಪು ಹಾಕಿ, ಮೇಲಿನ ಕೂದಲನ್ನು ಎತ್ತಿ ಹಿಡಿದು ಓರೆಯಾಗಿ ಕತ್ತರಿಸುತ್ತ ಬಂದಳು. ಮೇಲಿನ ಪದರ ಭುಜದ ಕೆಳಗೆ, ಅದರ ಕೆಳಗಿನದು ಬೆನ್ನಿನ ನಡುವಿಗೆ, ಕೊನೆಯದು ಸೊಂಟಕ್ಕೆ. ಹೀಗೆ ಇಳಿಸಿದರೆ ಉದ್ದ ಉಳಿಯುತ್ತದೆ, ಭಾರ ಹೋಗುತ್ತದೆ. ಅರ್ಧ ಮುಗಿದಾಗ ಮಾವ ಚಹಾ, ಬ್ರೆಡ್ಡು ತಂದರು. ಬಾಗಿಲಲ್ಲೇ ನಿಂತು ನೋಡಿದರು.

“ಮಾವ, ಮುಂದಿನ ಕಪ್ಪು ತೆಗೆದ್ರೆ ತುಕ್ಕಿನ ಬಣ್ಣ ಬರುತ್ತೆ. ಏನು ಮಾಡ್ಲಿ?” ಎಂದಳು. ಆ ಮನೆಗೆ ಬಂದು ಹದಿನೇಳು ವರ್ಷದಲ್ಲಿ ಕೆಲಸದ ವಿಷಯಕ್ಕೆ ಅವರನ್ನು ಕೇಳಿದ್ದು ಅದೇ ಮೊದಲು.

ಮಾವ ತಟ್ಟೆ ಕೆಳಗಿಟ್ಟು ಹತ್ತಿರ ಬಂದರು. “ತುಕ್ಕನ್ನ ಪೂರ್ತಿ ಓಡಿಸೋಕೆ ಹೋಗ್ಬೇಡ. ಓಡಿಸಿದಷ್ಟೂ ಕೂದಲು ಸಾಯುತ್ತೆ. ನೀಲಿ ಸ್ವಲ್ಪವೇ ಬೆರೆಸು, ತುಕ್ಕು ತಗ್ಗಿ ಒದ್ದೆ ಮರದ ಬಣ್ಣ ಆಗುತ್ತೆ. ಹಿಂದಿನ ಬಿಳಿ ಮುಟ್ಟಬೇಡ. ಅದರಲ್ಲಿ ಅಲ್ಲಲ್ಲಿ ಒಂದೊಂದು ಎಳೆ ಇದೇ ಮರದ ಬಣ್ಣ ಹಾಕು. ಆಗ ಹಿಂದಕ್ಕೂ ಮುಂದಕ್ಕೂ ನೆಂಟಸ್ತಿಕೆ ಕಾಣುತ್ತೆ.”

“ನಾನೂ ಹಾಗೇ ಅಂದ್ಕೊಂಡೆ. ಬಣ್ಣದ ಪ್ರಮಾಣ ಮಾತ್ರ ತಿಳೀಲಿಲ್ಲ.”

“ಹತ್ತಕ್ಕೆ ಒಂದು. ಅದಕ್ಕಿಂತ ಕಮ್ಮಿ ಆದ್ರೂ ಪರವಾಗಿಲ್ಲ.”

“ನನ್ನನ್ನೂ ಒಂದು ಮಾತು ಕೇಳಿ ಇಬ್ರೂ,” ಎಂದರು ಅತ್ತೆ.

“ನಿನ್ನನ್ನ ಕೇಳಿದ್ದಕ್ಕೇ ಮೂರು ಥರ ಆಗಿರೋದು,” ಎಂದರು ಮಾವ.

ಚೂಟಿ ಸ್ಕೂಲಿನಿಂದ ಬಂದಾಗ ಅಜ್ಜಿಯ ತಲೆ ತುಂಬ ಮಡಚಿದ ಬೆಳ್ಳಿ ಕಾಗದ. “ಅಜ್ಜಿ, ನಿನ್ನ ತಲೇಲಿ ರೇಡಿಯೋ ಬರುತ್ತಾ?” ಎಂದಳು. “ಬರುತ್ತೆ, ನಿನ್ನ ಮಾರ್ಕ್ಸು ಓದ್ತಿದಾರೆ,” ಎಂದರು ಅಜ್ಜಿ. ಹುಡುಗಿ ಕೈಕಾಲು ತೊಳೆಯಲು ಒಳಗೆ ಹೋದಳು.

ಕೆಲಸ ಮುಗಿದಾಗ ಸಂಜೆಯ ಬೆಳಕಿನ್ನೂ ಇತ್ತು. ಒಣಗಿದ ಕೂದಲು ಬೆನ್ನ ಮೇಲೆ ಮೆಟ್ಟಿಲಂತೆ ಇಳಿದು ಸೊಂಟದಲ್ಲಿ ನಿಂತಿತ್ತು. ಎಲ್ಲಿ ಬಿಳಿ ಮುಗಿದು ಎಲ್ಲಿ ಕಂದು ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ. ಕಿವಿಯ ಹತ್ತಿರ ಒಂದು ಕಡೆ ಮಾತ್ರ ಸ್ವಲ್ಪ ತುಕ್ಕು ಉಳಿದಿತ್ತು. ಅತ್ತೆ ಎಡಗೈಯಿಂದ ಕೂದಲನ್ನು ಮುಂದಕ್ಕೆ ತಂದುಕೊಂಡು, ಬಾಚಣಿಗೆ ಕೇಳಿ ತೆಗೆದುಕೊಂಡು, ತಾವೇ ಬಾಚಿಕೊಂಡರು. ಐದು ನಿಮಿಷ ಹಿಡಿಯಿತು. ಮೂವರೂ ನಿಂತು ನೋಡಿದರು.

ಮಾರನೆಯ ದಿನ ಹಿತ್ತಿಲ ಗೋಡೆಯ ಮುಂದೆ ನಿಲ್ಲಿಸಿ ಚೂಟಿ ಫೋಟೋ ತೆಗೆದಳು. ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಮುಂದಿನದರಲ್ಲಿ ಅತ್ತೆ ಪಿಂಚಣಿ ಕಾರ್ಡಿನ ಹಾಗೆ ನೆಟ್ಟಗೆ ನೋಡುತ್ತಿದ್ದರು. ಸೊಸೆ ಅಚ್ಚು ಹಾಕಿಸಿ ತಂದಳು. ಒಂದು ಮಧ್ಯಾಹ್ನ ಕೂತು ಕಾಗದ ಬರೆದಳು: ಬರುತ್ತೇನೆ, ಮಗಳು ಪರೀಕ್ಷೆ ಮುಗಿಸಿ ಆಮೇಲೆ ಬರುತ್ತಾಳೆ, ಕಿವಿಯ ಬಳಿ ಒಂದು ತಪ್ಪಿದೆ, ಅದನ್ನು ಮುಚ್ಚಿಟ್ಟಿಲ್ಲ. ಲಕೋಟೆಗೆ ಹಾಕಿ, ಅಂಟಿಸಿ, ಅಂಚೆಚೀಟಿ ಹಚ್ಚಿ, ಕನ್ನಡಿಯ ಪಕ್ಕ ಬಾಟಲಿಗಳ ನಡುವೆ ನಿಲ್ಲಿಸಿದಳು.

ಲಕೋಟೆ ಅಲ್ಲೇ ನಿಂತಿತು. ಮೊದಲ ದಿನ ಗಿರಾಕಿಗಳು ಹೆಚ್ಚು ಎಂದಳು. ಎರಡನೆಯ ದಿನ ಮಳೆ. ಆಮೇಲೆ ವಿಳಾಸದಲ್ಲಿ ಒಂದು ಅಂಕಿ ಅನುಮಾನ ಎಂದು ಹಳೆಯ ಕಾಗದ ಹುಡುಕಿ ನೋಡಿದಳು, ಅಂಕಿ ಸರಿಯಾಗಿತ್ತು. ಮೇಡಂ ಹೇಳಿದ ಮೂರು ತಿಂಗಳಿಗೆ ಹನ್ನೆರಡು ದಿನ ಉಳಿದಿತ್ತು, ಆಮೇಲೆ ಎಂಟು, ಆಮೇಲೆ ಐದು. ಬೆಳಿಗ್ಗೆ ಅತ್ತೆ ತಾವೇ ಬಾಚಿಕೊಂಡು ಅಡುಗೆಮನೆಗೆ ಬರುವಾಗ ಅವಳು ಸುಮ್ಮನೆ ಸ್ಟೂಲಿನ ಹತ್ತಿರ ನಿಂತಿರುತ್ತಿದ್ದಳು. ಕೈಗೆ ಕೆಲಸವಿರುತ್ತಿರಲಿಲ್ಲ. ಪಾತ್ರೆ ತೊಳೆದಿದ್ದರೂ ಮತ್ತೆ ತೊಳೆಯುತ್ತಿದ್ದಳು.

“ತಾತ, ನಾನು ಹಾಕಿ ಬರ್ಲಾ ಡಬ್ಬಿಗೆ?” ಎಂದು ಚೂಟಿ ಊಟದ ಹೊತ್ತಿಗೆ ಕೇಳಿದಳು.

“ನೀನು ಕೈ ಹಾಕ್ಬೇಡ,” ಎಂದರು ಮಾವ. “ಬರೆದವರೇ ಹಾಕ್ಬೇಕು.”

ಮಾರನೆಯ ದಿನ ಹೊಲಿಗೆಯವಳು ಬಂದಳು. ಕುರ್ಚಿಯಲ್ಲಿ ಕೂತು, “ನನಗೂ ಆ ನಿಮ್ಮತ್ತೆ ಥರಾನೇ ಮಾಡಮ್ಮ” ಎಂದಳು. ಅವಳ ಕೂದಲು ಭುಜಕ್ಕಿಂತ ಮೇಲಿತ್ತು. ಆದಷ್ಟು ಮಾಡುತ್ತೇನೆಂದು ಸೊಸೆ ಎಳೆ ಎಳೆ ಬಿಡಿಸಿ ಬಣ್ಣ ಹಚ್ಚಿ, ಬೆಳ್ಳಿ ಕಾಗದ ಮಡಚಿ, ಗಂಟೆ ಹೊಡೆಯುವ ಪುಟ್ಟ ಗಡಿಯಾರವನ್ನು ಮೂವತ್ತೈದು ನಿಮಿಷಕ್ಕೆ ತಿರುಗಿಸಿ ಇಟ್ಟಳು. ಹೊಲಿಗೆಯವಳು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ಟವೆಲು ತಂದ ಅತ್ತೆ ಬಾಟಲಿಗಳ ನಡುವಿನ ಲಕೋಟೆ ನೋಡಿದರು.

“ಇದು ನನ್ನ ಕೂದಲು ಸಿಗದೆ ನಿಂತಿತ್ತು. ಈಗ ಯಾಕೆ ನಿಂತಿದೆ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಸೊಸೆ ಬ್ರಷ್ಷು ತೊಳೆಯುತ್ತಿದ್ದಳು.

“ನೀವು ಬೇಡ ಅಂತ ಒಂದು ಸಲ ಹೇಳಿಬಿಡಿ ಅತ್ತೆ.”

“ಹೇಳಿದ್ರೆ ನಿಲ್ತೀಯಾ?”

“ನಿಲ್ತೀನಿ.”

“ಅದಕ್ಕೇ ಹೇಳಲ್ಲ.”

ನಲ್ಲಿಯ ನೀರು ಬಣ್ಣ ಕಳೆದು ತಿಳಿಯಾಗುವವರೆಗೆ ಸೊಸೆ ಬ್ರಷ್ಷನ್ನು ಅದರ ಕೆಳಗೆ ಹಿಡಿದಿದ್ದಳು. ಹೊಲಿಗೆಯವಳು ಕಣ್ಣು ತೆರೆಯದೆ, “ಏನದು ಅತ್ತೆ ಸೊಸೆ ಗುಸುಗುಸು?” ಎಂದಳು.

“ನಿನ್ನ ತಲೆ ಹಸಿರಾಗುತ್ತೋ ಏನೋ ಅಂತ ಮಾತಾಡ್ತಿದೀವಿ,” ಎಂದರು ಅತ್ತೆ.

“ಅಯ್ಯೋ!”

“ಸುಮ್ನೆ ಕೂತ್ಕೋ, ಏನಾಗಲ್ಲ. ನಾನಿದೀನಿ ಇಲ್ಲಿ.” ಆಮೇಲೆ ಸೊಸೆಯ ಕಡೆ ತಿರುಗಿ, “ಗಂಟೆ ಹೊಡೆದ್ರೆ ನೀರು ಬಿಡೋದು ನನಗೂ ಬರುತ್ತೆ. ಹೋಗಿ ಬಾ.”

ಸೊಸೆ ಕೈಗವುಸು ಕಳಚಿ ಲಕೋಟೆ ತೆಗೆದುಕೊಂಡಳು. ಏಪ್ರನ್ ಬಿಚ್ಚುವುದು ಮರೆತಿತ್ತು. ಬೀದಿಯಲ್ಲಿ ಬಿಸಿಲಿತ್ತು. ದಿನಸಿ ಅಂಗಡಿ, ಸೈಕಲ್ ರಿಪೇರಿ, ಮುಚ್ಚಿದ ಒಂದು ಗೇಟು ದಾಟಿ ಮೂಲೆಗೆ ಬಂದಳು. ಅಂಚೆ ಡಬ್ಬಿಯ ಮೇಲೆ ಮುಂದಿನ ಸಲ ಕಾಗದ ತೆಗೆಯುವ ಹೊತ್ತು ಬರೆದಿತ್ತು. ಓದಿದಳು, ಇನ್ನೊಮ್ಮೆ ಓದಿದಳು. ಟೀಚರು ಎದುರಿನಿಂದ ಬರುತ್ತಿದ್ದವರು ನಿಂತು, “ಏನಮ್ಮ, ಎಲ್ಲ ಹುಷಾರಾ?” ಎಂದರು.

“ಹೂಂ ಟೀಚರ್,” ಎಂದಳು.

ಅವರು ಹೋಗುವವರೆಗೆ ಕಾದಳು. ಆಮೇಲೆ ಲಕೋಟೆಯನ್ನು ಡಬ್ಬಿಯ ಬಾಯಿಗೆ ತುರುಕಿದಳು. ಫೋಟೋ ಇದ್ದುದರಿಂದ ದಪ್ಪವಾಗಿತ್ತು, ಅರ್ಧಕ್ಕೆ ಸಿಕ್ಕಿಕೊಂಡಿತು. ಎಳೆದರೆ ಇನ್ನೂ ವಾಪಸು ಬರುತ್ತಿತ್ತು. ಅವಳು ಅದರ ಹಿಂಬದಿಗೆ ಅಂಗೈ ಇಟ್ಟು, ಒಳಗೆ ಬೀಳುವವರೆಗೆ ಒತ್ತಿದಳು.